ಮರಕುಂಬಿ: ಮೇಲ್ಮನವಿಯ ಹಾದಿ



ಗಂಗಾವತಿ ತಾಲೂಕಿನ ಮರಕುಂಬಿಯ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. 2014ರ ಆಗಸ್ಟ್ 28ರಂದು ಅಲ್ಲಿನ ದಲಿತರ ಕೇರಿಗೆ ಗುಂಪೊಂದು ನುಗ್ಗಿ, ಜನರನ್ನು ಥಳಿಸಿ ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ಚಿತ್ರಮಂದಿರದ ಜಗಳವೊಂದು ಅದಕ್ಕೆ ನೆಪವಾಯಿತು. ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ದಲಿತರಿಗೆ ಮುಚ್ಚಿದ್ದ ಕಥೆ ಅದಕ್ಕಿಂತ ಹಳೆಯದು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವು 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಇಂತಹ ಸುದ್ದಿ ಬಂದೊಡನೆ “ಕೇಸು ಬಿದ್ದುಹೋಯಿತು” ಎಂದು ಚಹಾದಂಗಡಿಯಲ್ಲೇ ತೀರ್ಪು ಕೊಡುವವರಿದ್ದಾರೆ. ಅದು ಸರಿಯಲ್ಲ. ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆಯ ಜಾರಿಯನ್ನು ತಡೆಹಿಡಿಯುವುದಷ್ಟೇ ಈ ಜಾಮೀನಿನ ಅರ್ಥ. ಅಪರಾಧಿ ಎಂಬ ತೀರ್ಪು ಅದರಿಂದ ಅಳಿಯುವುದಿಲ್ಲ. ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟು ಕಾನೂನಿನ ಪ್ರಶ್ನೆಗಳನ್ನು ಮಾತ್ರವಲ್ಲ, ಸಾಕ್ಷ್ಯಗಳನ್ನೂ ಹೊಸದಾಗಿ ತೂಗಿ ನೋಡುತ್ತದೆ. ಶಿಕ್ಷೆಯನ್ನು ಎತ್ತಿಹಿಡಿಯಬಹುದು, ಇಳಿಸಬಹುದು, ಬಿಡುಗಡೆಯನ್ನೂ ಮಾಡಬಹುದು. ಆದರೆ ಸಾಕ್ಷಿಯ ಮುಖವನ್ನು ಕಂಡವರು ಕೆಳಗಿನ ನ್ಯಾಯಾಧೀಶರು. ಮೇಲಿನವರ ಮುಂದಿರುವುದು ಬರಹಕ್ಕಿಳಿದ ಹೇಳಿಕೆ ಮಾತ್ರ.

ಗುಂಪು ಹಿಂಸೆಯ ಪ್ರಕರಣಗಳಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅಕ್ರಮ ಕೂಟದ ಸದಸ್ಯನಾಗಿದ್ದವನು ತಾನೇ ಕಡ್ಡಿ ಗೀರಿರಬೇಕಾಗಿಲ್ಲ. ಆದರೆ ಅವನು ಆ ಕೂಟದಲ್ಲಿದ್ದನೆಂಬುದು ಸಾಬೀತಾಗಲೇಬೇಕು. ಹೆಸರುಗಳು ಬಹಳವಿರುವಾಗ, ಪ್ರತಿಯೊಬ್ಬನ ವಿಷಯದಲ್ಲೂ ಇಬ್ಬರು ಮೂವರು ಸಾಕ್ಷಿಗಳ ಹೊಂದಿಕೆಯಾಗುವ ಹೇಳಿಕೆ ಇರುವುದು ಲೇಸೆಂದು ಸುಪ್ರೀಂ ಕೋರ್ಟು 1964ರ ಮಸಾಲ್ತಿ ಪ್ರಕರಣದಲ್ಲೇ ಹೇಳಿದೆ. ಈ ಎಚ್ಚರಿಕೆಯನ್ನು ಆರೋಪಿಗಳಿಗೆ ತೋರಿದ ಔದಾರ್ಯವೆಂದು ಹಳಿಯುವುದು ಬೇಡ. ಗಲಭೆಯಾದೊಡನೆ ಓಣಿಯ ಹುಡುಗರ ಹೆಸರುಗಳು ಪಟ್ಟಿಯಾಗುವುದನ್ನು ಕಂಡ ನಮಗೆ ಅದರ ಬೆಲೆ ಗೊತ್ತಿರಬೇಕು.

ಇನ್ನು ನೊಂದವರ ಮಾತು. ಅವರಿಗೆ ತೀರ್ಪು ಬಂದ ಮೇಲೂ ಅದೇ ಊರು, ಅದೇ ದಾರಿ. 2000ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಮರಕುಂಬಿಯ ಸಾಕ್ಷಿಗಳ ಮಾತಿನ ಮೇಲೆ ನೂರೊಂದು ಜನರಿಗೆ ಶಿಕ್ಷೆಯಾಯಿತೆಂದರೆ ಅದು ಸಣ್ಣ ಧೈರ್ಯವಲ್ಲ.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 14ಎ ಕಲಮು, ಮೇಲ್ಮನವಿಯನ್ನು ಅಂಗೀಕರಿಸಿದ ದಿನದಿಂದ ಸಾಧ್ಯವಾದಷ್ಟೂ ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆನ್ನುತ್ತದೆ. “ಸಾಧ್ಯವಾದಷ್ಟೂ” ಎಂಬ ಪದದೊಳಗೆ ಎಷ್ಟು ವರ್ಷಗಳು ಅಡಗಬಲ್ಲವೆಂಬುದನ್ನು ಕೋರ್ಟು ಕಚೇರಿ ಅಲೆದವರೇ ಬಲ್ಲರು! ಜಾಮೀನಿನ ವಿಚಾರಣೆಯಲ್ಲಿ ನೊಂದವರ ಮಾತನ್ನೂ ಕೇಳಬೇಕೆಂದು 15ಎ ಕಲಮು ಹೇಳುತ್ತದೆ. ಈ ಹಕ್ಕು ಕಡ್ಡಾಯವೆಂದು 2021ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. 2008ಕ್ಕೆ ಮೊದಲು ನಮ್ಮ ಜಿಲ್ಲೆಯವರು ಮೇಲ್ಮನವಿಗಾಗಿ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಪೀಠ ಧಾರವಾಡದಲ್ಲಿದೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ವಕೀಲರಾಗಿರುವ ನಮ್ಮ ಯುವಕರು ಇಂತಹ ಕುಟುಂಬಗಳ ಕಾಗದಪತ್ರಗಳನ್ನು ನೋಡಿಕೊಟ್ಟು, ವಿಚಾರಣೆಯ ದಿನ ಅವರೊಡನೆ ಆ ಬಸ್ಸು ಹತ್ತಲಿ.