ಮೂವತ್ತು ಲಕ್ಷ ರೂಪಾಯಿಯ ಅಮಾನತ್
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿಯೊಬ್ಬರು ಮಾಡಿದ ಭಾಷಣ)



ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಗೆ ಒಂದು ಪತ್ರ ಬಂತು. ಈ ವರ್ಷದ ವಿದ್ಯಾರ್ಥಿವೇತನದ ಹಣವನ್ನು ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕೊಟ್ಟುಬಿಡಿ, ಓದಿನ ವಿಷಯ ಮುಂದಿನ ವರ್ಷ ನೋಡಿದರಾಯಿತು ಎಂದು ನಮ್ಮ ಹಳೆಯ ದಾನಿಯೊಬ್ಬರು ಬರೆದಿದ್ದರು. ಟ್ರಸ್ಟಿಗಳಲ್ಲಿ ಅರ್ಧ ಜನ ಹೌದು ಎಂದರು. ಮೊದಲ ದಿನ ನಾನೂ ಅವರ ಜೊತೆಗಿದ್ದೆ. ಆಮೇಲೆ ಅಲಿಗಢದ ಕಥೆ ನೆನಪಾಯಿತು.

ಸರ್ ಸಯ್ಯದ್ ಅಹ್ಮದ್ ಖಾನರು 1898ರಲ್ಲಿ ತೀರಿಕೊಂಡಾಗ ಅಲಿಗಢದಲ್ಲಿ ಕಾಲೇಜು ಇತ್ತು, ವಿಶ್ವವಿದ್ಯಾಲಯ ಇರಲಿಲ್ಲ. ಅದಕ್ಕೆ ಮೂರು ವರ್ಷ ಹಿಂದೆ, 1895ರಲ್ಲಿ, ಕಾಲೇಜಿನ ಗುಮಾಸ್ತನೊಬ್ಬ ಒಂದು ಲಕ್ಷ ರೂಪಾಯಿಗೂ ಹೆಚ್ಚು ನುಂಗಿದ್ದು ಬಯಲಾಗಿತ್ತು. ಹೀಗೆ ಕೈ ಸುಟ್ಟುಕೊಂಡ ಸಂಸ್ಥೆ ಮತ್ತೆ ಜನರ ಮುಂದೆ ಕೈಚಾಚಬೇಕಾಯಿತು. ವಿಶ್ವವಿದ್ಯಾಲಯ ಬೇಕಾದರೆ ಮೊದಲು ಮೂವತ್ತು ಲಕ್ಷ ರೂಪಾಯಿ ಕೂಡಿಸಿ ತೋರಿಸಿ ಎಂಬುದು ಸರ್ಕಾರದ ಮಾತು. ಆ ಕಾಲದ ಮೂವತ್ತು ಲಕ್ಷ!

1911ರಲ್ಲಿ ಆಗಾ ಖಾನರು ಊರೂರು ತಿರುಗಿ ಬೇಡಿದರು. ತಾವೂ ಒಂದು ಲಕ್ಷ ಕೊಟ್ಟರು. ಭೋಪಾಲದ ಬೇಗಂ ಸಾಹಿಬಾ ಕೂಡ ಒಂದು ಲಕ್ಷ ಕೊಟ್ಟರು. ಅಫೀಮು ಇಲಾಖೆಯಲ್ಲಿದ್ದ ಶೌಕತ್ ಅಲಿ ರಜೆ ಹಾಕಿ ಆಗಾ ಖಾನರ ಕಾರ್ಯದರ್ಶಿಯಾಗಿ ಹೊರಟರು. ಊರಿಗೆ ಮುಂಚೆ ಪತ್ರ ಬರೆಯುವುದು, ಸಭೆ ಗೊತ್ತುಮಾಡುವುದು, ಮಾತು ಕೊಟ್ಟವರಿಂದ ವಸೂಲಿ ಮಾಡುವುದು ಎಂಥ ಕೆಲಸ ಎಂದು ಇಲ್ಲಿ ರಸೀದಿ ಪುಸ್ತಕ ಹಿಡಿದು ಅಲೆದವರಿಗೆ ಗೊತ್ತು. ಮಾತು ಕೊಡುವುದು ಸುಲಭ, ಹಣ ಬರುವುದು ನಿಧಾನ.

1912ರ ಆಗಸ್ಟಿನಲ್ಲಿ ಸರ್ಕಾರದ ಶಿಕ್ಷಣ ಸದಸ್ಯ ಹಾರ್ಕೋರ್ಟ್ ಬಟ್ಲರ್ ಅವರು ಮಹಮೂದಾಬಾದಿನ ರಾಜಾ ಸಾಹೇಬರಿಗೆ ಒಂದು ಪತ್ರ ಬರೆದರು. ಅಲಿಗಢದ ಆಚೆಗಿನ ಯಾವ ಕಾಲೇಜನ್ನೂ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿಸುವಂತಿಲ್ಲ ಎಂಬುದೇ ಅದರ ಸಾರ. ನಮ್ಮ ಊರಿನ ಕಾಲೇಜಿಗೂ ಪ್ರಯೋಜನವಾಗುತ್ತದೆಂದು ದೂರದ ಪ್ರಾಂತಗಳಿಂದ ಕೊಟ್ಟವರ ಮನಸ್ಸು ಹೇಗಾಗಿರಬೇಡ! ಅದೇ ಹೊತ್ತಿಗೆ ಬಾಲ್ಕನ್ ಯುದ್ಧ ಶುರುವಾಯಿತು. ವಿಶ್ವವಿದ್ಯಾಲಯವಂತೂ ಆಗುತ್ತಿಲ್ಲ, ಈ ಹಣವನ್ನು ತುರ್ಕಿಗೆ ಸಾಲವಾಗಿ ಕೊಡೋಣ ಎಂಬ ಮಾತೂ ಎದ್ದಿತು. ಗಾಯಗೊಂಡ ತುರ್ಕಿ ಸೈನಿಕರ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿರುವಾಗ ಹಾಗೆ ಹೇಳಿದವರನ್ನು ನಾನು ತಪ್ಪು ಎನ್ನಲಾರೆ.

ಆದರೆ ಓದಿನ ಹಣ ಓದಿಗೇ ಉಳಿಯಿತು. ಗಾಯಾಳುಗಳಿಗಾಗಿ ಬೇರೆಯೇ ಚಂದಾ ಎತ್ತಿದರು. ಅದೇ ಡಿಸೆಂಬರಿನಲ್ಲಿ ಡಾಕ್ಟರ್ ಅನ್ಸಾರಿಯವರ ವೈದ್ಯಕೀಯ ತಂಡ ತುರ್ಕಿಗೆ ಹೊರಟಿತು. ವಿಶ್ವವಿದ್ಯಾಲಯಕ್ಕೆ ಮಾತ್ರ ಇನ್ನೂ ಎಂಟು ವರ್ಷ ಕಾಯಬೇಕಾಯಿತು. ಕೊನೆಗೆ, ಅಲಿಗಢದ ಆಚೆಗಿನ ಕಾಲೇಜುಗಳ ಆಸೆ ಬಿಟ್ಟು, ಸರ್ಕಾರದ ಷರತ್ತಿಗೆ ಒಪ್ಪಿಯೇ ಪಡೆದರು. 1920ರ ಕಾಯ್ದೆಯಲ್ಲಿ ಆ ಮೂವತ್ತು ಲಕ್ಷ ಕಾಯಂ ನಿಧಿಯಾಗಿ ಉಳಿಯಬೇಕೆಂದು ಬರೆಯಲಾಯಿತು. ಭೋಪಾಲದ ಬೇಗಂ ಮೊದಲ ಕುಲಾಧಿಪತಿ. ಬಟ್ಲರ್ ಪತ್ರ ಪಡೆದಿದ್ದ ಅದೇ ರಾಜಾ ಸಾಹೇಬರು ಮೊದಲ ಉಪಕುಲಪತಿ.

ವಿದ್ಯಾರ್ಥಿಗಳಿಗೆ ಒಂದು ಮಾತು. 1890ರಲ್ಲೇ ಅಲಿಗಢದ ಹುಡುಗರು 'ಡ್ಯೂಟಿ ಸೊಸೈಟಿ' ಎಂದು ಕಟ್ಟಿಕೊಂಡು, ರಜೆಯಲ್ಲಿ ಊರೂರು ಹೋಗಿ ಬಡ ಸಹಪಾಠಿಗಳಿಗಾಗಿ ಚಂದಾ ತರುತ್ತಿದ್ದರು. ಬೇಡುವ ಕೆಲಸ ದೊಡ್ಡವರದು ಮಾತ್ರ ಎಂದು ಅವರು ಕೂತಿರಲಿಲ್ಲ.

ಆ ದಾನಿಗೆ ನಾನೇ ಉತ್ತರ ಬರೆದೆ. ವಿದ್ಯಾರ್ಥಿವೇತನದ ಹಣ ಮುಟ್ಟುವುದಿಲ್ಲ, ನೆರೆಗೆ ಬೇರೆ ರಸೀದಿ ಪುಸ್ತಕ ಮಾಡಿದ್ದೇವೆ ಎಂದೆ. ಉತ್ತರ ಬರಲು ಮೂರು ವಾರವಾಯಿತು. ಮುನಿಸಿಕೊಂಡರೆಂದೇ ಭಾವಿಸಿದ್ದೆವು. ಲಕೋಟೆಯಲ್ಲಿ ಎರಡು ಚೆಕ್ಕುಗಳಿದ್ದವು, ಒಂದರ ಹಿಂದೆ 'ನೆರೆಗೆ', ಇನ್ನೊಂದರ ಹಿಂದೆ 'ಓದಿಗೆ' ಎಂದು ಬರೆದಿದ್ದರು. ಎರಡೂ ಲೆಕ್ಕಗಳು ಈ ವರದಿಯಲ್ಲಿ ಬೇರೆಬೇರೆಯಾಗಿ ಇವೆ. ದಯವಿಟ್ಟು ಓದಿ, ತಪ್ಪು ಕಂಡರೆ ನಮಗೆ ಪತ್ರ ಬರೆಯಿರಿ.