ಖಾಡಿಯಂಚಿನ ಕಾಲುದಾರಿಗಳು

(ಕಳವಾದಲ್ಲಿ ಜರಗಿದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ, ಗಡಿ, ಶಾಲೆ ಇವುಗಳ ಕುರಿತು ಈ ವೇದಿಕೆಯಲ್ಲಿ ನನಗಿಂತ ಬಲ್ಲವರು ಮಾತನಾಡಿದ್ದಾರೆ. ನಾನು ನಿವೃತ್ತ ಕಾರ್ಖಾನೆ ನೌಕರ. ಕುಮಟೆಯ ಕಡೆಯಿಂದ 1981ರಲ್ಲಿ ಇಲ್ಲಿಗೆ ಬಂದವನು. ರಜೆಯ ದಿನ ಖಾಡಿಯ ದಂಡೆಯಲ್ಲಿ ನಡೆಯುವುದೊಂದೇ ನಾನು ಉಳಿಸಿಕೊಂಡು ಬಂದ ಹವ್ಯಾಸ. ಆ ನಡಿಗೆ ಕಲಿಸಿದ ಪಾಠವನ್ನು, ಅದರಲ್ಲಿ ನಾನು ತಪ್ಪಿದ ಬಗೆಯನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಒಂದು ಪ್ರಶ್ನೆ. ಠಾಣೆಯಿಂದ ಕಳವಾಕ್ಕೆ ಲೋಕಲ್ ಗಾಡಿಯಲ್ಲಿ ಬರುವಾಗ ನಾವು ದಾಟುವುದು ಏನನ್ನು? ಒಂದು ಸೇತುವೆಯನ್ನು ಎಂದು ನೀವು ಹೇಳಬಹುದು. ನಿಜವಾಗಿ ನಾವು ಒಂದು ದ್ವೀಪವನ್ನು ಬಿಟ್ಟು ಮುಖ್ಯಭೂಮಿಗೆ ಬರುತ್ತೇವೆ. ಠಾಣೆ ಇರುವುದು ಸಾಷ್ಟಿ ದ್ವೀಪದಲ್ಲಿ. ರಾಜಮಾಚಿಯ ಬೆಟ್ಟಗಳಲ್ಲಿ ಹುಟ್ಟಿದ ಉಲ್ಹಾಸ ನದಿ ಬದಲಾಪುರ, ಕಲ್ಯಾಣಗಳನ್ನು ಹಾದು ಬಂದು ಠಾಣೆಯ ಬಳಿ ಕವಲೊಡೆಯುತ್ತದೆ. ಅದರ ದೊಡ್ಡ ಪಾಲು ವಸಯಿಯ ಖಾಡಿಯತ್ತ ಹೋಗುತ್ತದೆ. ಕಿರಿದಾದ ಕವಲೊಂದು ನಮ್ಮ ಕಳವಾದ ಪಕ್ಕದಿಂದ ಠಾಣೆಯ ಖಾಡಿಗೆ ಇಳಿಯುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಮೊದಲ ರೈಲು ಠಾಣೆಯಲ್ಲಿ ನಿಂತಿತು. ಖಾಡಿಯನ್ನು ದಾಟಿ ಕಲ್ಯಾಣ ತಲಪಲು ಅದಕ್ಕೆ ಮತ್ತೊಂದು ವರ್ಷ ಬೇಕಾಯಿತು. ಆ ದಾರಿ ತೆರೆದದ್ದು 1854ರ ಮೇ 1ರಂದು. ನಡುವೆ ಇದ್ದುದು ನೀರು, ಕೆಸರು, ಅದರಾಚೆ ಪಾರಸಿಕ ಬೆಟ್ಟ.

ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು, ಈ ಠಾಣೆಯೇ ಅವರ ಸ್ಥಾನಕ, 1060ರ ಅಂಬರನಾಥ ದೇವಾಲಯ ಅವರದೇ ಎಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮಾನ್ಯಖೇಟದ ಮಾತು ಇಲ್ಲಿಯವರೆಗೆ ನಡೆಯುತ್ತಿತ್ತು ಎಂಬುದು ಸತ್ಯ. ಆದರೆ ಅರಸರ ಶಾಸನ ಎಲ್ಲಿಯವರೆಗೆ ಹೋಗಿತ್ತು ಎಂಬುದರಿಂದ ಈ ಜೌಗು ನೆಲದಲ್ಲಿ ಕಾಲಿಡುವುದು ಎಲ್ಲಿ ಎಂಬುದು ತಿಳಿಯುವುದಿಲ್ಲ. ಅದನ್ನು ಬಲ್ಲವರು ಇಲ್ಲಿಯ ಆಗರಿಗಳು ಮತ್ತು ಕೋಳಿಗಳು.

ಆಗರಿ ಎಂಬ ಹೆಸರನ್ನು ಉಪ್ಪಿನ ಆಗರದೊಂದಿಗೆ ಕೂಡಿಸಿ ಹೇಳುತ್ತಾರೆ. ಆಗರ ಎಂಬ ಮಾತು ನಮಗೆ ಹೊಸದಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಉಪ್ಪು ತೆಗೆಯುವ ಕಸುಬಿನ ಆಗೇರರು ನಮ್ಮ ಜಿಲ್ಲೆಯಲ್ಲಿದ್ದಾರೆ. ಇಲ್ಲಿ ಖಾರ ಜಮೀನು ಎನ್ನುವುದನ್ನು ಅಘನಾಶಿನಿಯ ದಂಡೆಯಲ್ಲಿ ನಾವು ಗಜನಿ ಎನ್ನುತ್ತೇವೆ. ಎರಡರ ಬೇಸಾಯವೂ ಒಂದೇ ಬಗೆಯದು. ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಹಾಕಬೇಕು. ಒಡ್ಡಿನಲ್ಲಿ ತೂಬು ಇಡಬೇಕು. ಕೊಂಕಣದವರು ಅದನ್ನು ಉಘಾಡಿ ಎನ್ನುತ್ತಾರೆ. ಮಳೆಗಾಲದ ನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಭತ್ತ ಬಿತ್ತಬೇಕು. ನಮ್ಮಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗದ ಭತ್ತವಿದೆ. ಕೊಯ್ಲಾದ ಮೇಲೆ ಭರತದ ನೀರನ್ನು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಉಬ್ಬರಕ್ಕೆ ನಾವು ಭರತ ಎಂದರೆ ಮರಾಠಿಯವರು ಭರತಿ ಎನ್ನುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷ ಭಾಷೆ ತಿಳಿಯದೆ ಕಂಗಾಲಾಗಿದ್ದ ನನಗೆ, ಒಡ್ಡಿನ ಮೇಲೆ ಕಿವಿಗೆ ಬಿದ್ದ ಆ ಒಂದು ಮಾತು ಊರಿನವರು ಕೈಹಿಡಿದಂತೆ ತೋರಿತು.

ಈ ಒಡ್ಡುಗಳೇ ಇಲ್ಲಿಯ ಕಾಲುದಾರಿಗಳು. ಬೆಟ್ಟದೂರಿನಲ್ಲಿ ದಾರಿಯನ್ನು ಕಡಿದು ಮಾಡುತ್ತಾರೆ. ಚಪ್ಪಟೆಯಾದ ಜೌಗಿನಲ್ಲಿ ಮಣ್ಣು ಒಟ್ಟಿ ಕಟ್ಟಬೇಕು, ವರ್ಷವರ್ಷವೂ ದುರಸ್ತಿ ಮಾಡಬೇಕು. ಆ ದುಡಿಮೆಗೆ ಚರಿತ್ರೆಯಿದೆ. ಅಲಿಬಾಗದ ಬಳಿಯ ಚರಿಯಲ್ಲಿ ಖಾರ ಜಮೀನಿನ ಗೇಣಿದಾರರು ಖೋತರ ದಬ್ಬಾಳಿಕೆಯ ವಿರುದ್ಧ 1933ರಿಂದ 1939ರವರೆಗೆ ಬಿತ್ತನೆಯನ್ನೇ ನಿಲ್ಲಿಸಿ ಮುಷ್ಕರ ಹೂಡಿದ್ದರು. ನಾರಾಯಣ ನಾಗು ಪಾಟೀಲರು ಅದರ ಮುಂದಾಳು. ಡಾ. ಅಂಬೇಡ್ಕರರು ಅದಕ್ಕೆ ಬೆಂಬಲವಾಗಿ ನಿಂತು, 1937ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಖೋತಿ ಪದ್ಧತಿಯ ರದ್ದತಿಗೆ ಮಸೂದೆ ಮಂಡಿಸಿದರು. ನವಿ ಮುಂಬಯಿಯ ಜಮೀನಿನ ಪರಿಹಾರಕ್ಕಾಗಿ 1984ರ ಜನವರಿಯಲ್ಲಿ ಉರಣದ ಕಡೆ ನಡೆದ ಚಳವಳಿಯಲ್ಲಿ ಐವರು ಪೊಲೀಸರ ಗುಂಡಿಗೆ ಬಲಿಯಾದರು. ನಾವು ಅಗ್ಗದ ಕೋಣೆ ಹುಡುಕುತ್ತ ಬಂದು ನೆಲೆಸಿದ್ದು ಇಂಥವರ ನೆಲದಲ್ಲಿ.

ಇನ್ನು ನನ್ನ ಕತೆ. 1986ರ ಒಂದು ರವಿವಾರ ಖಾರೆಗಾಂವ್‌ನ ಆಚೆ ಒಡ್ಡಿನ ಮೇಲೆ ನಡೆಯುತ್ತಿದ್ದೆ. ಹುಲ್ಲು ಕೊಯ್ಯುತ್ತಿದ್ದ ವೃದ್ಧೆಯೊಬ್ಬರನ್ನು, “ಆಜಿ, ಈ ತಗ್ಗಿನಲ್ಲಿ ಯಾಕೆ ಯಾರೂ ಮನೆ ಕಟ್ಟಿಲ್ಲ?” ಎಂದು ಕೇಳಿದೆ. ಅವರು ನಕ್ಕು, “ಬಾಳಾ, ಆಷಾಢದಲ್ಲಿ ಭರತಿಯೂ ಮಳೆಯೂ ಒಂದೇ ಹೊತ್ತಿಗೆ ಬರುತ್ತವೆ. ಖಾಡಿ ತುಂಬಿದಾಗ ಉಘಾಡಿ ಮುಚ್ಚಿರಬೇಕು. ಮುಚ್ಚಿದರೆ ಮಳೆಯ ನೀರು ಹೋಗುವುದೆಲ್ಲಿಗೆ? ಇಲ್ಲೇ ನಿಲ್ಲುತ್ತದೆ” ಎಂದರು. ಐದು ವರ್ಷದ ನಂತರ ಅದೇ ತಗ್ಗಿಗೆ ಮಣ್ಣು ಸುರಿದು ಚಾಳು ಎಬ್ಬಿಸಿದರು. ಬೆಲೆ ಕಡಿಮೆಯಿತ್ತು. ನಾನು ಒಂದು ಕೋಣೆ ಕೊಂಡೆ. ನನ್ನ ಮಾತು ನಂಬಿ ನಮ್ಮ ಊರಿನ ಇಬ್ಬರು ಕೂಡ ಕೊಂಡರು. 2005ರ ಜುಲೈ 26ರಂದು ಸಾಂತಾಕ್ರುಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಧ್ಯಾಹ್ನದ ಭರತ ಏರಿದ್ದ ಹೊತ್ತಿಗೇ ಮಳೆಯೂ ಬಿದ್ದಿತು. ನಮ್ಮ ಚಾಳಿನಲ್ಲಿ ಎದೆಮಟ್ಟ ನೀರು. ಮಕ್ಕಳನ್ನು ಅಟ್ಟದ ಮೇಲೆ ಕೂರಿಸಿ ರಾತ್ರಿ ಕಳೆದೆವು. ಜೀವ ಉಳಿಯಿತು, ಊರಿನಿಂದ ತಂದ ಪುಸ್ತಕಗಳು, ಇಬ್ಬರು ಗೆಳೆಯರ ವಿಶ್ವಾಸ ಎರಡೂ ಹೋದವು. ಚಾಳು ಕಟ್ಟಿದವರನ್ನು ನಾನು ಬಹಳ ಕಾಲ ದೂರಿದೆ. ಆದರೆ ನನಗೆ ಮಾತ್ರ ಮೊದಲೇ ಗೊತ್ತಿತ್ತು. ಆಜಿಯ ಮಾತನ್ನು ನಾನು ಗೆಳೆಯರಿಗೆ ಹೇಳಿರಲಿಲ್ಲ.

ಬಂಧುಗಳೆ, ಈ ಕಾರಣಕ್ಕಾಗಿಯೇ ನಾನು ನಡಿಗೆಯ ವಿಷಯವನ್ನು ಆರಿಸಿಕೊಂಡದ್ದು. ನೀವೂ ನಡೆಯಬೇಕು, ಮಕ್ಕಳನ್ನು ಕರೆದುಕೊಂಡು ನಡೆಯಬೇಕು. ಎರಡು ದಾರಿಗಳನ್ನು ಸೂಚಿಸುತ್ತೇನೆ. ಮೊದಲನೆಯದು ಹಳೆಯ ಕಳವಾ ಗ್ರಾಮದ ಓಣಿಗಳಿಂದ ಹೊರಟು ಖಾರೆಗಾಂವ್, ಪಾರಸಿಕದ ರೇತಿಬಂದರಗಳ ಮೂಲಕ ಮುಂಬ್ರಾದ ಕಡೆಗೆ. ಎಡಕ್ಕೆ ಖಾಡಿ, ಬಲಕ್ಕೆ ಬೆಟ್ಟ. 2022ರವರೆಗೆ ವೇಗದ ಲೋಕಲ್ ಗಾಡಿಗಳು 1916ರಲ್ಲಿ ತೆರೆದ ಸುರಂಗದೊಳಗೆ ನುಗ್ಗುತ್ತಿದ್ದರೆ, ನಿಧಾನದ ಗಾಡಿಗಳು ಬೆಟ್ಟವನ್ನು ಬಳಸಿಕೊಂಡು ಹೋಗುತ್ತಿದ್ದವು. ಅದು ಯಾಕೆ ಎಂಬುದು ನಡೆದು ನೋಡಿದವನಿಗೆ ತಾನಾಗಿ ತಿಳಿಯುತ್ತದೆ. ಎರಡನೆಯದು ವಿಟಾವಾ, ದಿಘಾಗಳ ಮೂಲಕ ಐರೋಳಿಗೆ. ಅಲ್ಲಿಂದ ತೆಂಕಣಕ್ಕೆ, ವಾಶಿ ಸೇತುವೆಯವರೆಗಿನ ಖಾಡಿಯನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಅಘನಾಶಿನಿಯ ಅಳಿವೆ ಅದೇ ಪಟ್ಟಿಗೆ ಸೇರಿದ್ದು 2024ರಲ್ಲಿ. ನಮ್ಮ ಹುಟ್ಟೂರಿನ ಕೆಸರು, ನಾವು ದುಡಿದ ಊರಿನ ಕೆಸರು ಎರಡೂ ಈಗ ಒಂದೇ ಪಟ್ಟಿಯಲ್ಲಿವೆ.

ಕೆಲವು ಎಚ್ಚರಿಕೆಗಳು. ರೈಲು ಹಳಿಯ ಮೇಲೆ ನಡೆಯಬಾರದು. ಹಸಿ ಕೆಸರಿಗೆ ಇಳಿಯಬಾರದು. ಹೊರಡುವ ಮುನ್ನ ಪಂಚಾಂಗ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಗಳಂದು ಮುಂಬಯಿಯ ಕಡಲಿನಲ್ಲಿ ಭರತ ಸುಮಾರು ನಡುಹಗಲಿಗೆ ಬರುತ್ತದೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮ ಖಾಡಿಯೊಳಕ್ಕೆ ಅದು ತಲಪಲು ಇನ್ನೂ ಸ್ವಲ್ಪ ಹೊತ್ತು ಬೇಕು. ಕಾಂಡ್ಲಾ ಗಿಡಗಳನ್ನು ಕಡಿಯಬಾರದು, ಕಡಿಯುವುದನ್ನು ಕಂಡರೆ ಸುಮ್ಮನಿರಬಾರದು. 2005ರ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅವುಗಳ ನಾಶಕ್ಕೆ ತಡೆ ಹಾಕಿತು. 2018ರ ಅಂತಿಮ ತೀರ್ಪು ಅವುಗಳ ಸುತ್ತಲಿನ 50 ಮೀಟರ್ ನೆಲಕ್ಕೂ ರಕ್ಷಣೆ ಕೊಟ್ಟಿದೆ. ಕೋಣೆ ಕೊಳ್ಳುವವರು ಕಾಗದಪತ್ರ ನೋಡುವುದರ ಜೊತೆಗೆ, ಶ್ರಾವಣದಲ್ಲೊಮ್ಮೆ ಆ ಜಾಗಕ್ಕೆ ನಡೆದು ಹೋಗಿ ನೆರೆಯ ಆಗರಿ ಮನೆಯ ಹಿರಿಯರನ್ನು ಕೇಳಬೇಕು. ಕೇಳಿದ್ದನ್ನು ಇತರರಿಗೂ ಹೇಳಬೇಕು.

ಸಂಘಕ್ಕೆ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ ಮಕ್ಕಳೊಂದಿಗೆ ಇಂಥ ಒಂದು ನಡಿಗೆ ಏರ್ಪಡಿಸಿ. ಕಂಡ ಗಿಡ, ಹಕ್ಕಿ, ಮೀನು, ಒಡ್ಡು, ತೂಬುಗಳಿಗೆ ಆಗರಿಗಳು ಹೇಳುವ ಹೆಸರನ್ನೂ ನಮ್ಮೂರಿನ ಹೆಸರನ್ನೂ ಅಕ್ಕಪಕ್ಕದಲ್ಲಿ ಒಂದು ವಹಿಯಲ್ಲಿ ಬರೆಸಿ. ಕನ್ನಡ ತರಗತಿಗೆ ಬರಲು ಬೇಸರಪಡುವ ಮಗು ಆ ವಹಿಯನ್ನು ಬರೆದೀತು ಎಂದು ನನಗೆ ನಂಬಿಕೆಯಿದೆ. ಎಲ್ಲಿಯವರು ನೀವು ಎಂದು ಕೇಳಿದರೆ ಎರಡೂ ನದಿಗಳ ಹೆಸರು ಹೇಳಬಲ್ಲ ತಲೆಮಾರೊಂದು ನಮ್ಮಲ್ಲಿ ಬೆಳೆಯಲಿ.

ಈ ತಿಂಗಳ ಹುಣ್ಣಿಮೆಗೆ ಹತ್ತಿರದ ರವಿವಾರ ಬೆಳಿಗ್ಗೆ ಖಾಡಿಯಲ್ಲಿ ಇಳಿತವಿರುತ್ತದೆ. ಆರೂವರೆಗೆ ಕಳವಾ ನಿಲ್ದಾಣದ ಟಿಕೆಟು ಕಿಟಕಿಯ ಬಳಿ ನಾನು ಕಾಯುತ್ತಿರುತ್ತೇನೆ.