ನಮ್ಮವರೆದುರು ನಿಲ್ಲುವುದೇ ಕಷ್ಟ

(ಮಂಗಳೂರಿನ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಇಷ್ಟು ವರ್ಷ ಬೇರೆಯವರ ಮಾತನ್ನು ಅಚ್ಚು ಹಾಕಿದ್ದೇನೆ. ಇವತ್ತು ನನ್ನದೇ ನಾಲ್ಕು ಮಾತು. ನಮ್ಮ ಊರಿನ ನಂಟಿರುವ ಎರಡು ಪುಸ್ತಕಗಳಿಂದ ಶುರು ಮಾಡುತ್ತೇನೆ.

1899ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 'ಇಂದಿರಾಬಾಯಿ' ಅಚ್ಚಾಯಿತು. ಅದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ಬರೆದವರು ಗುಲ್ವಾಡಿ ವೆಂಕಟರಾಯರು, ಪೊಲೀಸ್ ಇಲಾಖೆಯಲ್ಲಿದ್ದವರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹುಡುಗಿಯ ಕಥೆ ಅದು. ಹೆತ್ತವರ ಮನೆಯಲ್ಲೇ ಅವಳಿಗೆ ರಕ್ಷಣೆಯಿಲ್ಲ. ಮನೆ ಬಿಟ್ಟು ಬಂದವಳಿಗೆ ಅಮೃತರಾಯರು ಆಶ್ರಯ ಕೊಡುತ್ತಾರೆ. ಅವಳು ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಆ ಕಾಲದಲ್ಲಿ ವಿಧವೆಯ ಮದುವೆಗೆ ನಿಂತವನಿಗೆ ಜಾತಿಯ ಬಾಗಿಲೇ ಮುಚ್ಚುತ್ತಿತ್ತು! ವೆಂಕಟರಾಯರು ದೂರದವರನ್ನು ಬೈದು ಸುಮ್ಮನಾಗಲಿಲ್ಲ. ತಮ್ಮ ಸಾರಸ್ವತ ಸಮಾಜದ ಒಳಗನ್ನೇ ಬರೆದರು.

ಎಂಬತ್ತೈದು ವರ್ಷಗಳ ನಂತರ, 1984ರಲ್ಲಿ, 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂತು. ಬರೆದವರು ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಓದಿ, ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್. 2023ರ ಜನವರಿಯಲ್ಲಿ ತೀರಿಕೊಂಡರು. ಅವರ ನಾದಿರಾ ತಂದೆಯ ಹಟದಿಂದ ಗಂಡನನ್ನು ಕಳೆದುಕೊಂಡವಳು. ಮತ್ತೆ ಗಂಡನನ್ನೂ ಮಗುವನ್ನೂ ಸೇರಬೇಕಾದರೆ ಮೊದಲು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎನ್ನುತ್ತಾರೆ. ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಸಾರಾ ಅವರಿಗೆ ತಮ್ಮವರಿಂದಲೇ ವಿರೋಧ ಬಂತು. ಆದರೂ ಪೆನ್ನು ಕೆಳಗಿಡಲಿಲ್ಲ.

ಗೆಳೆಯರೇ, ಪಕ್ಕದ ಬೀದಿಯ ಅನ್ಯಾಯಕ್ಕೆ ಕೂಗುವುದು ಸುಲಭ. ನಮ್ಮ ಮದುವೆಗೆ ಬರುವವರು, ನಮ್ಮ ಸಾವಿಗೆ ಹೆಗಲು ಕೊಡುವವರು ಸುತ್ತ ಕೂತಿರುವಾಗ ಎದ್ದು ನಿಂತು 'ಇದು ತಪ್ಪು' ಎನ್ನುವುದೇ ಕಷ್ಟ.

ನನ್ನ ಕಥೆ ಹೇಳದೆ ಈ ಮಾತು ಹೇಳುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸಮಾಜದ ಕೆಲವರು ಒಂದು ಕರಪತ್ರ ತಂದರು. ಬೇರೆ ಜಾತಿಯವನನ್ನು ಮದುವೆಯಾದ ಹುಡುಗಿಯೊಬ್ಬಳ ಮಾನ ತೆಗೆಯುವ ಬರಹ. ಸಾವಿರ ಪ್ರತಿ ಬೇಕೆಂದರು. ಗಿರಾಕಿ ತಪ್ಪೀತೆಂಬ ಹೆದರಿಕೆಯಿಂದ ಅಚ್ಚು ಹಾಕಿದೆ. ಪ್ರೆಸ್ಸಿನ ಹುಡುಗರೆಲ್ಲ ತಲೆ ತಗ್ಗಿಸಿ ಕೆಲಸ ಮಾಡಿದರು. ಬೈಂಡಿಂಗ್ ಕೆಲಸದ ಅಕ್ಕ ಮಾತ್ರ ಕೈ ಹಿಂದೆ ತೆಗೆದರು: "ಧನಿ, ಇದನ್ನು ನಾನು ಮಡಚುವುದಿಲ್ಲ. ಬೇಕಾದರೆ ಇವತ್ತಿನ ಸಂಬಳ ಹಿಡಿಯಿರಿ."

ಸಾವಿರ ಪ್ರತಿಯನ್ನೂ ನಾನೇ ಕೂತು ಮಡಚಿದೆ. ಆ ಹುಡುಗಿಯ ತಂದೆ ನಮ್ಮ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟರು. ಆ ಅಕ್ಕ ಈ ಎರಡೂ ಪುಸ್ತಕ ಓದಿದವರಲ್ಲ. ಓದಿದವನು ನಾನು!

ನೀವು ಕನ್ನಡಕ್ಕಾಗಿ ಬೀದಿಗಿಳಿಯುವವರು. ಸಂತೋಷ. ನಾಳೆ ನಿಮ್ಮದೇ ಗುಂಪಿನವನೊಬ್ಬ, ಕನ್ನಡ ಬಾರದ ಬಡ ಕೂಲಿಯವನ ಕಾಲರ್ ಹಿಡಿದರೆ ಆ ಕೈಯನ್ನು ಬಿಡಿಸುವವರು ಯಾರು? ಬಿಡಿಸಿದವನನ್ನು ದ್ರೋಹಿ ಎಂದಾರು. ಎನ್ನಲಿ. ವೆಂಕಟರಾಯರ ಕನ್ನಡ, ಸಾರಾ ಅವರ ಕನ್ನಡ ಅವನ ಜೊತೆಗಿರುತ್ತದೆ.